ಪಿಕಪ್ ಬಾಡಿಯ ಲೈನರ್ ಯಾವತ್ತಾದರೂ ಎತ್ತಿ ನೋಡಿದ್ದೀರಾ?

ಪ್ರಶ್ನೆ: ನಮ್ಮದು ಚಿಂತಾಮಣಿ ಹತ್ತಿರದ ಹಳ್ಳಿ. ಎರಡು ವರ್ಷದ ಹಿಂದೆ ಪಿಕಪ್ ತಗೊಂಡಾಗ ಹಿಂದಿನ ಬಾಡಿಯೊಳಗೆ ತಗಡಿನ ಮೇಲೆ ಹೊದಿಕೆಯ ಹಾಗೆ ಕೂರುವ ಕಪ್ಪು ಪ್ಲಾಸ್ಟಿಕ್ ಲೈನರ್ ಹಾಕಿಸಿದೆ. ಸೀಸನ್‌ನಲ್ಲಿ ಕೋಲಾರ ಎಪಿಎಂಸಿಗೆ ಟೊಮ್ಯಾಟೊ, ಉಳಿದ ದಿನ ಗೊಬ್ಬರ, ಸಿಮೆಂಟು, ಯಾವ ಬಾಡಿಗೆ ಸಿಕ್ಕಿದರೆ ಅದು. ಪ್ರತಿ ಭಾನುವಾರ ಪೈಪ್ ಹಿಡಿದು ತೊಳೆಯುತ್ತೇನೆ ಸರ್. ಆದರೂ ಹುಳಿ ವಾಸನೆ ಹೋಗುತ್ತಿಲ್ಲ. ಈಗ ಬಾಡಿ ಕೆಳಗಿಂದ ಕೆಂಪು ನೀರು ತೊಟ್ಟಿಕ್ಕುತ್ತಿದೆ. ಲೈನರ್ ಹಾಕಿದರೆ ತುಕ್ಕು ಬರಲ್ಲ ಅಂತ ತಾನೇ ಹೇಳಿ ಮಾರಿದ್ದು?

ಉತ್ತರ: ಆ ಕೆಂಪು ನೀರು ಟೊಮ್ಯಾಟೊ ರಸ ಅಲ್ಲ ಅಂತ ನಿಮಗೂ ಗೊತ್ತಾಗಿದೆ, ಅದಕ್ಕೇ ಬರೆದಿದ್ದೀರಿ. ನೀವು ಇಷ್ಟು ದಿನ ತೊಳೆದದ್ದು ಲೈನರ್‌ನ ಮುಖ ಮಾತ್ರ. ಕೊಳಕು ಕೂತಿರುವುದು ಅದರ ಬೆನ್ನಿಗೆ.

ಈ ಪ್ಲಾಸ್ಟಿಕ್ ಲೈನರ್ ಬಾಡಿಗೆ ಅಂಟಿರುವುದಿಲ್ಲ. ಸುಮ್ನೆ ಒಳಗೆ ಕೂರಿಸಿ ನಾಲ್ಕಾರು ಸ್ಕ್ರೂ ಹಾಕಿರುತ್ತಾರೆ. ನೀವು ಪೈಪ್ ಬಿಟ್ಟಾಗ ಅಂಚಿನಿಂದ, ಸ್ಕ್ರೂ ತೂತಿನಿಂದ ನೀರು ಇಳಿಯುತ್ತದೆ, ಜತೆಗೆ ಮರಳು, ಗೊಬ್ಬರದ ಹರಳು, ಒಡೆದ ಹಣ್ಣಿನ ರಸ ಎಲ್ಲ ಇಳಿದು ಅಲ್ಲೇ ಕೂರುತ್ತದೆ. ಗಾಡಿ ಕುಲುಕಿದಾಗೆಲ್ಲ ಆ ಮರಳು ಉಪ್ಪುಕಾಗದದ ಹಾಗೆ ಬಣ್ಣ ಉಜ್ಜುತ್ತದೆ. ಬಣ್ಣ ಹೋದ ತಗಡಿಗೆ ನೀರು ಸಿಕ್ಕಿದೆ, ಬಿಸಿಲು ಗಾಳಿ ಸಿಕ್ಕಿಲ್ಲ. ಇನ್ನೇನಾಗುತ್ತದೆ? ಟೊಮ್ಯಾಟೊ ರಸವೂ ಹುಳಿ, ಪಿಎಚ್ 4ರಿಂದ 5ರ ಒಳಗೆ. ಅದಕ್ಕಿಂತ ಕೆಟ್ಟದ್ದು ಪೊಟ್ಯಾಷ್ ಗೊಬ್ಬರ. ಅದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ನಮ್ಮ ಅಡುಗೆ ಉಪ್ಪಿನ ದಾಯಾದಿ. ಯೂರಿಯಾ ಹರಳು ಗಾಳಿಯಲ್ಲಿರೋ ತೇವವನ್ನೇ ಎಳೆದುಕೊಳ್ಳುತ್ತದೆ, ಮಳೆಯೇ ಬರಬೇಕೆಂದಿಲ್ಲ.

ನಾನೂ ಇದನ್ನು ಕೈ ಸುಟ್ಟುಕೊಂಡೇ ಕಲಿತದ್ದು. ಹಳೇ ಗಾಡಿ ತಗೊಂಡಾಗ ಲೈನರ್ ಎಷ್ಟು ಹೊಸದಾಗಿದೆ ಅಂತ ಖುಷಿಪಟ್ಟಿದ್ದೆ. ಆರು ತಿಂಗಳಾದ ಮೇಲೆ ಎತ್ತಿ ನೋಡಿದರೆ ಮೂಲೆಯಲ್ಲಿ ಕೈ ತೂರುವಷ್ಟು ತೂತು, ಕೆಳಗಿನ ಟೈರು ಕಾಣುತ್ತಿತ್ತು!

ಈಗ ಮಾಡಬೇಕಾದ ಕೆಲಸ. ಸ್ಕ್ರೂ ಬಿಚ್ಚಿ, ಇನ್ನೊಬ್ಬರನ್ನು ಕರೆದುಕೊಂಡು ಲೈನರ್ ಎತ್ತಿ ಹೊರಗೆ ನಿಲ್ಲಿಸಿ. ನೀರು ಮುಟ್ಟುವ ಮೊದಲು ಕಡ್ಡಿ ಪೊರಕೆಯಿಂದ ಒಣಕಲಾಗಿಯೇ ಗುಡಿಸಿ, ಯಾಕೆಂದರೆ ಸಿಮೆಂಟ್ ಪುಡಿ ಇರುವಾಗ ನೀರು ಹಾಕಿದರೆ ನೀವೇ ಒಂದು ಪದರ ಗಾರೆ ಹಾಕಿದಂತೆ. ಆಮೇಲೆ ಪಾತ್ರೆ ತೊಳೆಯೋ ಲಿಕ್ವಿಡ್, ಬಕೆಟ್ ನೀರು, ಉದ್ದ ಕೂದಲಿನ ಬ್ರಷ್ ಸಾಕು. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು, ನೊರೆ ಬರಲ್ಲ ಅಂತ ಸೋಪು ಸುರಿಯುತ್ತಾ ಹೋಗಬೇಡಿ. ಮಳೆನೀರು ಹಿಡಿದಿಟ್ಟಿದ್ದರೆ ಕೊನೆಯ ಬಕೆಟ್ ಅದರದ್ದಾಗಲಿ, ಬಿಳಿ ಕಲೆ ಉಳಿಯಲ್ಲ. ಹುಳಿ ವಾಸನೆಗೆ ಬಕೆಟ್ ನೀರಿಗೆ ಒಂದು ಹಿಡಿ ಅಡುಗೆ ಸೋಡಾ ಕಲಸಿ ಲೈನರ್‌ನ ಎರಡೂ ಮುಖಕ್ಕೆ ಉಜ್ಜಿ, ಕಾಲು ಗಂಟೆ ಬಿಟ್ಟು ತೊಳೆಯಿರಿ.

ಬಾಡಿ ತಳದಲ್ಲಿ ನೀರು ಇಳಿಯೋ ತೂತುಗಳಿರುತ್ತವೆ, ಹುಡುಕಿ ಕಡ್ಡಿ ಹಾಕಿ ಬಿಡಿಸಿ. ಅರ್ಧ ಊರಿನ ಗಾಡಿಗಳಲ್ಲಿ ಅವು ಹುಲ್ಲು ಮಣ್ಣಿನಿಂದ ಮುಚ್ಚಿಹೋಗಿರುತ್ತವೆ. ತುಕ್ಕು ಇರುವ ಕಡೆ ತಂತಿ ಬ್ರಷ್, ಆಮೇಲೆ ಉಪ್ಪುಕಾಗದ, ಹೊಳೆಯೋ ತಗಡು ಕಾಣುವವರೆಗೂ. ಒರೆಸಿ, ತುಕ್ಕು ತಡೆಯೋ ರೆಡ್ ಆಕ್ಸೈಡ್ ಪ್ರೈಮರ್ ಒಂದು ಕೋಟು, ಒಣಗಿದ ಮೇಲೆ ಎನಾಮಲ್ ಪೇಂಟ್ ಎರಡು ಕೋಟು. ಸ್ಕ್ರೂ ತೂತಿನ ಅಂಚನ್ನು ಮರೆಯಬೇಡಿ, ತುಕ್ಕು ಜಾಸ್ತಿ ಶುರುವಾಗುವುದೇ ಅಲ್ಲಿ. ಸ್ಕ್ರೂಡ್ರೈವರ್ ಒತ್ತಿದರೆ ತಗಡು ಒಳಗೆ ಹೋಗುತ್ತಿದ್ದರೆ ಪೇಂಟಿಗೆ ದುಡ್ಡು ಹಾಕಬೇಡಿ, ವೆಲ್ಡಿಂಗ್ ಅಂಗಡಿಗೆ ಹೋಗಿ. ಎಲ್ಲ ಪೂರ್ತಿ ಒಣಗಿದ ಮೇಲಷ್ಟೇ ಲೈನರ್ ಹಾಕಿ. ಸೀಸನ್‌ನಲ್ಲಿ ತಿಂಗಳಿಗೊಮ್ಮೆ, ಉಳಿದಂತೆ ಮೂರು ತಿಂಗಳಿಗೊಮ್ಮೆ ಎತ್ತಿ ನೋಡಿ.

ಪ್ರಶ್ನೆ: ನನ್ನದು ಬಣ್ಣದ ಹಾಗೆ ಸ್ಪ್ರೇ ಹೊಡೆಸಿದ ಲೈನರ್. ಕಪ್ಪು ಹೋಗಿ ಬೂದಿ ಬಣ್ಣಕ್ಕೆ ತಿರುಗಿದೆ. ಟೈರ್ ಪಾಲಿಷ್ ಹಾಕಬಹುದಾ? ಟಾರ್ ಅಂಟಿದ್ದಕ್ಕೆ ಡೀಸೆಲ್ ಹಾಕು ಅಂತಾರೆ. — ಮಾಲೂರಿನ ಓದುಗರು

ಉತ್ತರ: ಎರಡೂ ಬೇಡ. ಸ್ಪ್ರೇ ಲೈನರ್ ತಗಡಿಗೇ ಅಂಟಿರುತ್ತದೆ, ಅಂಚು ಎದ್ದಿಲ್ಲದಿದ್ದರೆ ಅದರ ಕೆಳಗೆ ನೀರು ಹೋಗಲ್ಲ, ಆ ಮಟ್ಟಿಗೆ ನೀವು ನಿಶ್ಚಿಂತೆ. ಬಣ್ಣ ಮಾಸುವುದು ಬಿಸಿಲಿನಿಂದ, ಬಲ ಹೋಗಿದೆ ಅಂತಲ್ಲ. ಟೈರ್ ಪಾಲಿಷ್‌ನಲ್ಲಿ ಸಾಮಾನ್ಯವಾಗಿ ಸಿಲಿಕೋನ್ ಇರುತ್ತದೆ, ಹೊಳಪಿನ ಜತೆ ಜಾರಿಕೆಯೂ ಬರುತ್ತದೆ. 15 ಕೆಜಿ ಟೊಮ್ಯಾಟೊ ಬಾಕ್ಸುಗಳನ್ನು ಪೇರಿಸಿ ಹೊರಟು, ಹಂಪ್ಸ್ ಮುಂದೆ ಬ್ರೇಕ್ ಒತ್ತಿದಾಗ ಹಿಂದಿನ ಸಾಲು ಕ್ಯಾಬಿನ್ ಕಡೆ ಬರುವುದು ಬೇಕಾ? ಉಪ್ಪುಕಾಗದದ ಹಾಗೆ ಒರಟಾಗಿರುವುದೇ ಸ್ಪ್ರೇ ಲೈನರ್‌ನ ಗುಣ. ನೀರಿನಲ್ಲಿ ಕಲಸುವ, ಬಿಸಿಲು ತಡೆಯೋ ಲಿಕ್ವಿಡ್ ಸಿಗುತ್ತದೆ, ಮೊದಲು ಒಂದು ಮೂಲೆಯಲ್ಲಿ ಹಾಕಿ, ಒಣಗಿಸಿ, ಕಾಲಿಟ್ಟು ಜಾರಲ್ಲ ಅಂತ ನೋಡಿ.

ಡೀಸೆಲ್, ಪೆಟ್ರೋಲ್, ಥಿನ್ನರ್ ಲೈನರನ್ನೇ ಮೆತ್ತಗೆ ಮಾಡಬಹುದು. ಟಾರ್ ಮೇಲೆ ಪ್ಲಾಸ್ಟಿಕ್ ಕವರ್‌ನಲ್ಲಿ ಐಸ್ ಇಡಿ, ಅದು ಗಟ್ಟಿಯಾದ ಮೇಲೆ ಹಳೇ ಪ್ಲಾಸ್ಟಿಕ್ ಸ್ಕೇಲಿನಿಂದ ಎಬ್ಬಿಸಿ. ವಾಟರ್ ಸರ್ವಿಸ್‌ನವರಿಗೆ ಗನ್ ಒಂದಡಿ ದೂರ ಹಿಡಿಯಲು ಹೇಳಿ. ಎದ್ದಿರೋ ಅಂಚಿಗೆ ಹತ್ತಿರದಿಂದ ಹೊಡೆದರೆ ಚರ್ಮ ಸುಲಿದಂತೆ ಬರುತ್ತದೆ.

ಪ್ರಶ್ನೆ: ರಬ್ಬರ್ ಮ್ಯಾಟ್ ಹಾಕಿದ್ದೇವೆ. ಟೊಮ್ಯಾಟೊ ತೋಟಕ್ಕೆ ಔಷಧಿ ಡಬ್ಬ, ಮನೆಗೆ ರೇಷ್ಮೆ ಸೊಪ್ಪು, ಎರಡಕ್ಕೂ ಒಂದೇ ಗಾಡಿ. ಚೆನ್ನಾಗಿ ತೊಳೆದರೆ ಸಾಕಲ್ವಾ ಅಣ್ಣ? — ಶಿಡ್ಲಘಟ್ಟದ ಓದುಗರು

ಉತ್ತರ: ಸಾಲದು ತಮ್ಮ. ಕೀಟನಾಶಕ ಸ್ವಲ್ಪ ಸೋಂಕಿದರೂ ರೇಷ್ಮೆ ಹುಳು ತಡೆಯಲ್ಲ, ಒಂದು ಬೆಳೆಯೇ ಹೋಗಬಹುದು. ರಬ್ಬರು ವಾಸನೆ, ಎಣ್ಣೆ ಹೀರಿಕೊಳ್ಳುತ್ತದೆ, ಅದರ ಗೀರುಗಳಲ್ಲಿ ಉಳಿದದ್ದು ಕಣ್ಣಿಗೆ ಕಾಣಲ್ಲ. ಔಷಧಿ ಡಬ್ಬಗಳನ್ನು ಮುಚ್ಚಳ ಇರುವ ಒಂದು ಪ್ಲಾಸ್ಟಿಕ್ ಟಬ್ಬಿನಲ್ಲೇ ಇಟ್ಟು ತನ್ನಿ. ಸೊಪ್ಪಿಗೆ ಬೇರೆ ಟಾರ್ಪಾಲ್ ಇಡಿ, ಅದರ ಮೇಲೆ ಬೇರೇನೂ ಹಾಕಬೇಡಿ, ಗುರುತಿಗೆ ಬೇರೆ ಬಣ್ಣದ್ದೇ ತಗೊಳ್ಳಿ. ಈಗಾಗಲೇ ಮ್ಯಾಟ್ ಮೇಲೆ ಔಷಧಿ ಚೆಲ್ಲಿದ್ದರೆ ಆ ಮ್ಯಾಟನ್ನು ಸೊಪ್ಪಿನ ಕೆಲಸದಿಂದ ರಿಟೈರ್ ಮಾಡಿಸಿ.

ಇನ್ನೊಂದು, ಹುಳು ಮನೆಗೆ ಬ್ಲೀಚಿಂಗ್ ಪೌಡರ್ ತರುತ್ತೀರಲ್ಲ, ಆ ಚೀಲ ಹರಿದು ಚೆಲ್ಲಿದರೆ ತಗಡನ್ನು ತಿಂದುಹಾಕುತ್ತದೆ. ಮ್ಯಾಟ್ ಎತ್ತಿ ಗುಡಿಸಿ, ಆಮೇಲೆ ಜಾಸ್ತಿ ನೀರು ಬಿಡಿ. ವಾಸನೆ ಹೋಗಲಿ ಅಂತ ಅದರ ಮೇಲೆ ವಿನೆಗರ್ ಅಥವಾ ಟಾಯ್ಲೆಟ್ ಆಸಿಡ್ ಮಾತ್ರ ಹಾಕಬೇಡಿ, ಕ್ಲೋರಿನ್ ಗಾಳಿ ಎದ್ದು ಉಸಿರು ಕಟ್ಟುತ್ತದೆ.