ನಿಮ್ಮ ರೋಮ್ ಸೋಲುವುದೇ ಇಲ್ಲ

ಪ್ರಿಯ ಲೇಖಕರೇ,

‘ಗೆಲ್ಲಲೆಂದೇ ಹುಟ್ಟಿದ ನಗರ’ ಎಂಬ ನಿಮ್ಮ ಲೇಖನ ತಲುಪಿತು. ಭಾಷೆ ಶುದ್ಧವಾಗಿದೆ, ಇಸವಿಗಳು ಸರಿಯಾಗಿವೆ, ಅಪ್ಪಿಯಾ ರಸ್ತೆಯ ವರ್ಣನೆ ಓದಿಸಿಕೊಂಡು ಹೋಗುತ್ತದೆ. ಆದರೂ ವಾಪಸ್ ಕಳಿಸುತ್ತಿದ್ದೇನೆ. ಎರಡು ವಾಕ್ಯಗಳು ನನ್ನನ್ನು ವಿಪರೀತ ಕೆಣಕಿವೆ. ಮಿಕ್ಕ ಪುಟಗಳ ಮಾತು ಇಲ್ಲಿ ಬೇಡ.

ಮೊದಲನೆಯದು ನಿಮ್ಮ ಆರಂಭವೇ: “ರೋಮನ್ನರ ರಕ್ತದಲ್ಲೇ ಗೆಲುವು ಹರಿಯುತ್ತಿತ್ತು.” ಯಾರ ರಕ್ತ? ತಮ್ಮ ಮೂಲದ ಬಗ್ಗೆ ರೋಮನ್ನರೇ ಹೇಳಿಕೊಂಡ ಕಥೆಯನ್ನು ನೋಡಿ. ಊರಿಗೆ ಜನ ಸಾಲದೆ ಅದನ್ನು ಕಟ್ಟಿದ ರೋಮ್ಯುಲಸ್ ಆಶ್ರಯತಾಣ ತೆರೆದ. ಓಡಿಬಂದ ಗುಲಾಮರು, ಎಲ್ಲೂ ಸಲ್ಲದವರು ಬಂದು ಸೇರಿದರು. ಹೆಂಡಿರು ಬೇಕಾದಾಗ ನೆರೆಯ ಸಬೈನರ ಹೆಣ್ಣುಮಕ್ಕಳನ್ನು ಹೊತ್ತು ತಂದರು. ಕಟ್ಟುಕಥೆಯೇ ಇರಬಹುದು. ಆದರೆ ರಕ್ತದ ಹೆಮ್ಮೆ ಇದ್ದವರು ಇಂಥ ಕಥೆ ಕಟ್ಟಿಕೊಳ್ಳುತ್ತಾರೆಯೇ? ಇನ್ನು ನೀವು ‘ರೋಮನ್ ವೀರರು’ ಎನ್ನುವ ಸೇನೆಯಲ್ಲಿ ಸುಮಾರು ಅರ್ಧ, ಎಷ್ಟೋ ಸಲ ಅದಕ್ಕಿಂತ ಹೆಚ್ಚು ಜನ ರೋಮನ್ನರೇ ಅಲ್ಲ. ಇಟಲಿಯ ಬೇರೆ ಜನ: ಲ್ಯಾಟಿನರು, ಎಟ್ರುಸ್ಕನ್ನರು, ಸೋತ ಸ್ಯಾಮ್ನೈಟರು. ಮ್ಯಾಸಿಡೋನಿಯಾದ ರಾಜ ಐದನೇ ಫಿಲಿಪ್ ಇದನ್ನು ಆಗಲೇ ಗಮನಿಸಿದ್ದ. ಅವನು ರೋಮ್‌ನ ಶತ್ರು, ರೋಮ್ ಮೇಲೆ ದಂಡೆತ್ತಿ ಬಂದ ಕಾರ್ಥೇಜ್ ಸೇನಾಪತಿ ಹ್ಯಾನಿಬಲ್‌ನ ಮಿತ್ರ. ಲಾರಿಸಾ ನಗರಕ್ಕೆ ಬರೆದ ಪತ್ರದಲ್ಲಿ, ರೋಮನ್ನರು ಬಿಡುಗಡೆಯಾದ ಗುಲಾಮರಿಗೂ ಪೌರತ್ವ ಕೊಡುತ್ತಾರೆ, ನೀವೂ ಹೊಸಬರನ್ನು ಸೇರಿಸಿಕೊಳ್ಳಿ ಎಂದ. ಶತ್ರುವಿಗೆ ಕಂಡದ್ದು ಅಭಿಮಾನಿಯಾದ ನಿಮಗೆ ಕಾಣಲಿಲ್ಲ.

ಎರಡನೆಯದು ಏಳನೇ ಪುಟದಲ್ಲಿದೆ: “ಕ್ಯಾನೆಯಂಥ ಕೆಲವು ಹಿನ್ನಡೆಗಳಾದರೂ ರೋಮ್ ಧೃತಿಗೆಡದೆ ಮತ್ತೆ ಎದ್ದು ನಿಂತಿತು.”

ಇದನ್ನು ಓದಿ ಪೆನ್ನು ಕೆಳಗಿಟ್ಟೆ. ‘ಕೆಲವು ಹಿನ್ನಡೆ’! ಕ್ರಿ.ಪೂ. 216ರ ಆಗಸ್ಟ್‌ನಲ್ಲಿ ಕ್ಯಾನೆಯಲ್ಲಿ ಹ್ಯಾನಿಬಲ್ ಎದುರು ಒಂದೇ ದಿನ ಸತ್ತ ರೋಮ್ ಕಡೆಯವರು ರೋಮನ್ ಇತಿಹಾಸಕಾರ ಲಿವಿಯ ಲೆಕ್ಕದಲ್ಲಿ 48,000ಕ್ಕೂ ಹೆಚ್ಚು, ಗ್ರೀಕ್ ಇತಿಹಾಸಕಾರ ಪಾಲಿಬಿಯಸ್‌ನ ಲೆಕ್ಕದಲ್ಲಿ ಸುಮಾರು 70,000. ಅದಕ್ಕೆ ಮೊದಲು ಟ್ರೆಬಿಯಾ, ಟ್ರಾಸಿಮೀನ್. ಎರಡು ವರ್ಷದೊಳಗೆ ಮೂರು ಮಹಾ ಸೋಲು. ಬೇರೆ ಯಾವ ರಾಜ್ಯವಾದರೂ ಸಂಧಿಗೆ ಕೈಚಾಚುತ್ತಿತ್ತು.

ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಒಬ್ಬ ಹಿರಿಯ ಉಪಸಂಪಾದಕರಿದ್ದರು. ಕಾಗುಣಿತ ತಿದ್ದುವ ಕೆಲಸ ನಮ್ಮಂಥ ಹುಡುಗರದು. ಅವರು ಮಾಡುತ್ತಿದ್ದುದು ಒಂದೇ. ನಾವು ಎರಡು ಘಟನೆಗಳ ನಡುವೆ ಎಲ್ಲಿ ಹಾರಿದ್ದೆವೋ ಅಲ್ಲಿ ಕೆಂಪು ಶಾಯಿಯಲ್ಲಿ ಗೀಟು ಎಳೆದು, ‘ನಡುವೆ?’ ಎಂದು ಬರೆಯುತ್ತಿದ್ದರು. ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಆ ಗೀಟಿನ ಮೇಲೆ ನಮಗೆಲ್ಲ ಎಂಥ ಸಿಟ್ಟಿತ್ತೆಂದರೆ, ಕ್ಯಾಂಟೀನಿನಲ್ಲಿ ಅವರ ಹೆಸರೇ ‘ನಡುವೆ’ ಎಂದಾಗಿತ್ತು. ಈಗ ನಿಮ್ಮ ಏಳನೇ ಪುಟದ ಮೇಲೆ ಅದೇ ಗೀಟು ಎಳೆದಿದ್ದೇನೆ.

‘ಹಿನ್ನಡೆ’ಗೂ ‘ಎದ್ದು ನಿಂತಿತು’ ಎಂಬುದಕ್ಕೂ ನಡುವೆ ಏನಾಯಿತು? ಸೋತು ಬಂದ ಕಾನ್ಸಲ್ (ರೋಮ್‌ನ ಅತ್ಯುನ್ನತ ಅಧಿಕಾರಿ) ವಾರೊನನ್ನು ಗಲ್ಲಿಗೇರಿಸಲಿಲ್ಲ. ಗಣರಾಜ್ಯದ ಮೇಲೆ ಭರವಸೆ ಬಿಡಲಿಲ್ಲವೆಂದು ಕೃತಜ್ಞತೆ ಹೇಳಿದರು. ಸೆರೆಸಿಕ್ಕವರನ್ನು ಹಣ ಕೊಟ್ಟು ಬಿಡಿಸಿಕೊಳ್ಳಲು ಸೆನೆಟ್ ಒಪ್ಪಲಿಲ್ಲ. ಬದಲಿಗೆ ಸರ್ಕಾರದ ಖರ್ಚಿನಲ್ಲಿ 8,000 ಗುಲಾಮರನ್ನು ಕೊಂಡು ಅವರ ಕೈಗೆ ಆಯುಧ ಕೊಟ್ಟಿತು. ಇದನ್ನು ನೀವು ‘ಧೃತಿ’ ಎನ್ನುತ್ತೀರಿ. ನನಗೆ ಇದರಲ್ಲಿ ಕ್ರೌರ್ಯವೂ ಕಾಣುತ್ತದೆ.

ಇನ್ನೂ ಹಿಂದಕ್ಕೆ ಹೋಗಬೇಕಿತ್ತು ನೀವು. ಕ್ರಿ.ಪೂ. 338ರಲ್ಲಿ ನೆರೆಯ ಊರುಗಳ ಲ್ಯಾಟಿನ್ ಒಕ್ಕೂಟವನ್ನು ಸೋಲಿಸಿದ ರೋಮ್ ಆ ಊರುಗಳನ್ನು ಸುಟ್ಟುಹಾಕಲಿಲ್ಲ. ಒಂದೊಂದರ ಜೊತೆ ಒಂದೊಂದು ಬಗೆಯ ಒಪ್ಪಂದ ಮಾಡಿಕೊಂಡಿತು. ಕೆಲವಕ್ಕೆ ಪೂರ್ಣ ಪೌರತ್ವ, ಕೆಲವಕ್ಕೆ ಮತದಾನವಿಲ್ಲದ ಪೌರತ್ವ, ಉಳಿದವಕ್ಕೆ ಮೈತ್ರಿ. ಆ ಮಿತ್ರ ಊರುಗಳು ತಮ್ಮತಮ್ಮೊಳಗೆ ಕೂಟ ಕಟ್ಟುವಂತಿಲ್ಲ. ಮುಂದೆ ಇಟಲಿಯಲ್ಲೆಲ್ಲ ಇದೇ ಪದ್ಧತಿ: ಮಿತ್ರರಿಂದ ಕಪ್ಪ ಕೇಳುವುದಿಲ್ಲ, ಯೋಧರನ್ನು ಕೇಳುತ್ತದೆ. ಕ್ರಿ.ಪೂ. 225ರ ಹೊತ್ತಿಗೆ ಆಯುಧ ಹಿಡಿಯಬಲ್ಲ ಏಳು ಲಕ್ಷಕ್ಕೂ ಹೆಚ್ಚು ಕಾಲಾಳುಗಳು ರೋಮ್ ಮತ್ತು ಅದರ ಮಿತ್ರರ ಬಳಿ ಇದ್ದರೆಂದು ಪಾಲಿಬಿಯಸ್ ಲೆಕ್ಕ ಕೊಡುತ್ತಾನೆ. ಹ್ಯಾನಿಬಲ್ ಯುದ್ಧಗಳನ್ನು ಗೆದ್ದ. ಈ ಪಟ್ಟಿಯನ್ನು ಖಾಲಿ ಮಾಡಲಾಗಲಿಲ್ಲ. ದೊಡ್ಡ ನಗರ ಕಾಪುವಾ ಅವನ ಕಡೆ ತಿರುಗಿತು, ದಕ್ಷಿಣದ ಹಲವು ಊರುಗಳು ತಿರುಗಿದವು, ಆದರೆ ರೋಮ್ ತಾನೇ ನೆಲೆಗೊಳಿಸಿದ ಲ್ಯಾಟಿನ್ ವಸಾಹತುಗಳಲ್ಲಿ ಒಂದೂ ಅವನನ್ನು ಸೇರಲಿಲ್ಲ. ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

ಹಾಗೆಂದು ಅದನ್ನು ಔದಾರ್ಯದ ಕಥೆಯಾಗಿ ಬರೆದು ಕಳಿಸಿದರೆ ಅದೂ ವಾಪಸ್ ಬರುತ್ತದೆ. ಕ್ರಿ.ಪೂ. 209ರಲ್ಲಿ ಮೂವತ್ತು ಲ್ಯಾಟಿನ್ ವಸಾಹತುಗಳ ಪೈಕಿ ಹನ್ನೆರಡು, ಇನ್ನು ಕೊಡಲು ನಮ್ಮಲ್ಲಿ ಜನರಿಲ್ಲ, ಹಣವಿಲ್ಲ ಎಂದವು. ತಲೆಮಾರುಗಟ್ಟಲೆ ಮಕ್ಕಳನ್ನು ಯುದ್ಧಕ್ಕೆ ಕಳಿಸಿಯೂ ಮತದ ಹಕ್ಕು ಸಿಗದ ಮಿತ್ರರು ಕ್ರಿ.ಪೂ. 91ರಲ್ಲಿ ರೋಮ್ ಮೇಲೆಯೇ ತಿರುಗಿಬಿದ್ದರು. ಪೌರತ್ವ ಸಿಕ್ಕಿದ್ದು ಆಮೇಲೆ. ಆ ಹನ್ನೆರಡು ಊರುಗಳ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಅಕ್ಷರವೂ ಇಲ್ಲ. ಮೊದಲ ಆರು ಪುಟಗಳನ್ನು ತೆಗೆದುಹಾಕಿ, ಅವರಿಗೆ ಒಂದಿಡೀ ಪುಟ ಕೊಟ್ಟು, ಮತ್ತೆ ಕಳಿಸಿ.

ಇಂತು,
ಸಂಪಾದಕ