ಮಳೆಗಾಲ ಸುರುವಾದ ಮೇಲೆ ಸ್ಪೈರಲ್ ಬೈಂಡಿಂಗ್ ಮೆಷಿನ್ ಸರಿಯಾಗಿ ತೂತು ಹಾಕುತ್ತಿಲ್ಲ. ಪಿನ್ ಸೆಟ್ ಬದಲಿಸಲೇಬೇಕಾ?

ನೀವು ಬರೆದದ್ದು ಇಷ್ಟು: ಬದಿಯಡ್ಕದ ಹತ್ತಿರ ಒಂದು ಸಣ್ಣ ಕಚೇರಿ, ಕೈಯಲ್ಲಿ ಹಿಡಿ ಒತ್ತಿ ನಡೆಸುವ ಸ್ಪೈರಲ್ ಮೆಷಿನ್, ಮೂರು ವರ್ಷ ಹಳತು. ಜೂನ್ ನಂತರ ಹಿಡಿ ಬಿಗಿಯಾಗಿದೆ, ತೂತಿನ ಅಂಚು ಹರಕುಹರಕಾಗಿ ಬರುತ್ತದೆ, ಎ4 ಹಾಳೆಯ ಕೆಳತುದಿಯ ತೂತು ಅರ್ಧ ಮಾತ್ರ ಬೀಳುತ್ತದೆ. ರಿಪೇರಿಯವರು ಇಡೀ ಪಿನ್ ಸೆಟ್ ಹೋಗಿದೆ ಎಂದಿದ್ದಾರೆ.

ಈಗಲೇ ಬದಲಿಸಬೇಡಿ. ನೀವು ಹೇಳಿದ ಮೂರು ತೊಂದರೆಗಳಿಗೆ ಮೂರು ಬೇರೆ ಬೇರೆ ಕಾರಣ ಇರಬಹುದು, ಅವುಗಳಲ್ಲಿ ಅರ್ಧ ತೂತಿಗೂ ಪಿನ್ ಹರಿತಕ್ಕೂ ಸಂಬಂಧವೇ ಇಲ್ಲ. ಪಿನ್ ಮೇಲೆ ಅನುಮಾನ ಪಡಬೇಕಾದದ್ದು ಕೊನೆಗೆ. ಮೊದಲು ಕಾಗದದ ಚೂರು ಬೀಳುವ ಟ್ರೇ, ಆಮೇಲೆ ಕಾಗದ, ಆಮೇಲೆ ಗೈಡ್, ಅಂದರೆ ಹಾಳೆಯ ಅಂಚು ತಾಗಿಸಿಡುವ ಪಕ್ಕದ ತಡೆ.

ಟ್ರೇಯಿಂದಲೇ ಸುರು ಮಾಡಿ. ಕೆಳಗಿನ ಟ್ರೇ ಎಳೆದು ಖಾಲಿ ಮಾಡಿದರೆ ಸಾಲದು, ಮೆಷಿನನ್ನು ಹಿಂದಕ್ಕೆ ವಾಲಿಸಿ ಡೈ ಪಟ್ಟಿಯ (ಪಿನ್‌ಗಳು ಇಳಿಯುವ ತೂತುಗಳಿರುವ ಕೆಳಗಿನ ಪಟ್ಟಿ) ಅಡಿಭಾಗವನ್ನು ಟಾರ್ಚ್ ಹಾಕಿ ನೋಡಿ. ಟ್ರೇ ತುಂಬಿದ ಮೇಲೂ ಒತ್ತುತ್ತಾ ಹೋದರೆ ಚೂರುಗಳಿಗೆ ಬೀಳಲು ಜಾಗವಿಲ್ಲದೆ ಡೈ ತೂತಿನೊಳಗೇ ಒಂದರ ಮೇಲೊಂದು ಕೂತುಬಿಡುತ್ತವೆ. ಬೇಸಗೆಯಲ್ಲಾದರೆ ಒಣ ಚೂರು ಹೇಗೋ ಉದುರುತ್ತದೆ. ನಮ್ಮ ಕಡೆಯ ಜೂನ್, ಜುಲೈ ತೇವಕ್ಕೆ ಅದು ಮುದ್ದೆಯಾಗಿ, ಒಣಗಿ, ಬೆಣೆ ಹೊಡೆದ ಹಾಗೆ ನಿಲ್ಲುತ್ತದೆ. ಆಗ ಪಿನ್ ಕಾಗದವನ್ನು ಮಾತ್ರವಲ್ಲ, ಆ ಬೆಣೆಯನ್ನೂ ತಳ್ಳಬೇಕು. ಹಿಡಿ ಬಿಗಿಯಾಗಲು ನಾನು ಮೊದಲು ಹುಡುಕುವ ಕಾರಣ ಇದೇ.

ಬಿಡಿಸಲು ಹಿಡಿಸೂಡಿಯ ಒಂದು ದಪ್ಪ ಕಡ್ಡಿ ಸಾಕು. ಮೇಲಿನಿಂದ ಕೆಳಕ್ಕೆ, ಒಂದೊಂದೇ ತೂತಿಗೆ. ಸೂಜಿ, ಸ್ಕ್ರೂಡ್ರೈವರ್, ಮೊಳೆ ಬೇಡ: ಡೈಯ ಅಂಚೇ ಕತ್ತರಿಯ ಕೆಳಗಿನ ಅಲಗು ಇದ್ದ ಹಾಗೆ, ಅದಕ್ಕೆ ಗೀರು ಬಿದ್ದರೆ ಎಷ್ಟು ಹೊಸ ಪಿನ್ ಹಾಕಿದರೂ ಪ್ರಯೋಜನವಿಲ್ಲ. ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಒಣಗಿದ್ದಂತೆಯೇ ಉಜ್ಜಿ. ನೀರು ಮುಟ್ಟಿಸಬೇಡಿ.

ಈಗ ಕಾಗದ. ಕಾಗದ ಗಾಳಿಯ ತೇವ ಹೀರಿಕೊಂಡರೆ ನಾರು ಉಬ್ಬಿ ಮೆತ್ತಗಾಗುತ್ತದೆ. ಮೆತ್ತಗಾದ ಹಾಳೆ ಚಕ್ಕನೆ ತುಂಡಾಗುವುದಿಲ್ಲ, ಪಿನ್ನಿಗೂ ಡೈ ಗೋಡೆಗೂ ನಡುವಿನ ಸಂದಿಗೆ ಎಳೆದುಕೊಂಡು ಹೋಗುತ್ತದೆ. ಅಂಚು ನಾರುನಾರಾಗುವುದು, ಚೂರು ಪೂರ್ತಿ ಬಿಡದೆ ನೇತಾಡುವುದು ಇದರಿಂದಲೇ. ರೀಮನ್ನು ಹೊದಿಕೆಯಲ್ಲೇ ಇಡಿ, ಆ ಹೊದಿಕೆ ತೇವ ತಡೆಯಲೆಂದೇ ಇರುವುದು. ಒಡೆದ ರೀಮಿನ ಉಳಿದ ಹಾಳೆಗಳನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನೆಲದ ಮೇಲೆ, ಮುರಕಲ್ಲಿನ ಗೋಡೆಗೆ ತಾಗಿಸಿ ಇಟ್ಟ ರೀಮು ಆಟಿ ತಿಂಗಳು ಮುಗಿಯುವ ಮೊದಲೇ ಬೂಷ್ಟು ಹಿಡಿಯುತ್ತದೆ. ಜೆರಾಕ್ಸ್ ಮೆಷಿನ್‌ನಿಂದ ಈಗಷ್ಟೇ ಬಂದ ಬಿಸಿ ಹಾಳೆಯನ್ನೂ ಕೂಡಲೇ ಪಂಚ್ ಮಾಡಬೇಡಿ. ಅದು ಸುರುಟಿಕೊಂಡಿರುತ್ತದೆ, ಒಂದಕ್ಕೊಂದು ಅಂಟಿರುತ್ತದೆ, ಅಂಚು ಕೂಡುವುದಿಲ್ಲ. ಬೀಸಿ ಬಿಡಿಸಿ, ಹದಿನೈದು ನಿಮಿಷ ಭಾರ ಹೇರಿ ಇಟ್ಟರೆ ಸರಿಯಾಗುತ್ತದೆ.

ಹಾಳೆಯ ಸಂಖ್ಯೆಯಲ್ಲಿ ಎಲ್ಲರೂ ತಪ್ಪುವುದರಿಂದ ಇದನ್ನು ಲೆಕ್ಕ ಹಾಕಿ ಹೇಳುತ್ತೇನೆ. 4 ಮಿ.ಮೀ. ವ್ಯಾಸದ ಒಂದು ತೂತಿನ ಸುತ್ತಳತೆ ಸುಮಾರು 12.6 ಮಿ.ಮೀ. ಎ4 ಹಾಳೆಗೆ ಇಂಥ 46 ತೂತು ಎಂದರೆ ಒಂದೇ ಹಾಳೆಯಲ್ಲಿ ಸುಮಾರು 58 ಸೆಂ.ಮೀ. ಕತ್ತರಿಸಿದಂತೆ. ಹತ್ತು ಹಾಳೆ ಇಟ್ಟರೆ ಒಂದು ಒತ್ತಿಗೆ ಆರು ಮೀಟರ್ ಹತ್ತಿರ. ಮೆಷಿನ್ ಮೇಲೆ 20 ಹಾಳೆ ಎಂದು ಬರೆದಿದ್ದರೂ ಅದು ಒಣಗಿದ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದಕ್ಕೆ, ಹೊಸ ಪಿನ್ನಿಗೆ. ಬೇಸಗೆಯಲ್ಲಿ ಅದರ ಅರ್ಧ, ಮಳೆಗಾಲದಲ್ಲಿ ಆರರಿಂದ ಎಂಟು ಹಾಳೆ ಇಡಿ. ಎಣಿಸುತ್ತಾ ಕೂರಬೇಕಿಲ್ಲ: ಹತ್ತು ಹಾಳೆ ಸುಮಾರು 1 ಮಿ.ಮೀ. ದಪ್ಪ, ಎರಡು ದಿನದಲ್ಲಿ ಬೆರಳಿಗೇ ಅಂದಾಜು ಸಿಗುತ್ತದೆ. 120 ಹಾಳೆಯ ವರದಿಗೆ ಹದಿನೈದು, ಇಪ್ಪತ್ತು ಸಲ ಒತ್ತಬೇಕಾಗಬಹುದು. ಒತ್ತಿ. ಹಿಡಿಗೆ ಪೈಪ್ ಸಿಕ್ಕಿಸಿ ಉದ್ದ ಮಾಡಿ ಒತ್ತುವವರು ಇದ್ದಾರೆ. ಮೆಷಿನ್ ಹಾಳಾಗಲು ಅದಕ್ಕಿಂತ ನೇರ ದಾರಿ ಬೇರೆ ಇಲ್ಲ. ಪಿನ್ ಬಾಗದಿದ್ದರೆ ಹಿಡಿಯ ಕೀಲು ಬಿರಿಯುತ್ತದೆ.

ಒತ್ತುವ ಕ್ರಮವೂ ಮುಖ್ಯ. ಹಾಳೆಗಳನ್ನು ಮೇಜಿಗೆ ತಟ್ಟಿ ಎರಡು ಅಂಚು ಕೂಡಿಸಿ. ಮೊದಲು ಪಕ್ಕದ ಗೈಡಿಗೆ ತಾಗಿಸಿ, ಆಮೇಲೆ ಹಿಂದಿನ ತಡೆಗೆ ತಳ್ಳಿ, ಎಡ ಅಂಗೈಯನ್ನು ಹಾಳೆಯ ನಡುವೆ ಇಡಿ. ಹಿಡಿಯನ್ನು ಒಂದೇ ಸಮನೆ ಪೂರ್ತಿ ಕೆಳಕ್ಕೆ, ಪೂರ್ತಿ ಮೇಲಕ್ಕೆ. ಅರ್ಧಕ್ಕೆ ನಿಲ್ಲಿಸಿ ಹಾಳೆ ಎಳೆದರೆ ಪಿನ್ ಇನ್ನೂ ಕಾಗದದೊಳಗೇ ಇರುತ್ತದೆ, ಆಗ ಬಾಗುವುದು ಪಿನ್ನೇ.

ಇನ್ನು ಅರ್ಧ ತೂತು. ಮೊದಲು ನಿಮ್ಮ ಮೆಷಿನ್‌ನ ಅಂತರ ತಿಳಿದುಕೊಳ್ಳಿ. ಪಂಚ್ ಮಾಡಿದ ಹಾಳೆಯಲ್ಲಿ ಒಂದನೆಯ ತೂತಿನ ನಡುವಿನಿಂದ ಹನ್ನೊಂದನೆಯ ತೂತಿನ ನಡುವಿಗೆ ಸ್ಕೇಲ್ ಇಟ್ಟು ನೋಡಿ. 63.5 ಮಿ.ಮೀ. ಬಂದರೆ ಇಂಚಿಗೆ ನಾಲ್ಕು ತೂತಿನ ಮೆಷಿನ್. 60 ಬಂದರೆ 6 ಮಿ.ಮೀ., 50 ಬಂದರೆ 5 ಮಿ.ಮೀ. ಅಂತರದ್ದು. ಸುರುಳಿ ಕೊಳ್ಳುವಾಗಲೂ ಇದೇ ಲೆಕ್ಕ ಬೇಕು. ಅಂತರ ಹೊಂದದ ಸುರುಳಿ ಮೊದಲ ಹತ್ತು ತೂತು ಸಲೀಸಾಗಿ ಹೋಗಿ ಆಮೇಲೆ ಸಿಕ್ಕಿಕೊಳ್ಳುತ್ತದೆ, ಜನ ತೂತಿಗೆ ಬೈಯುತ್ತಾರೆ.

ಇಂಚಿಗೆ ನಾಲ್ಕು ಎಂದಿಟ್ಟುಕೊಳ್ಳೋಣ. ಎ4 ಉದ್ದ 297 ಮಿ.ಮೀ. 47 ತೂತು ಹಾಕಿದರೆ ಮೊದಲಿನದರಿಂದ ಕೊನೆಯದಕ್ಕೆ 292.1 ಮಿ.ಮೀ. ಹೋಗುತ್ತದೆ. ಉಳಿಯುವುದು 4.9, ಎರಡೂ ತುದಿಗೆ ಹಂಚಿದರೆ 2.45. ಅದರಲ್ಲಿ ತೂತಿನ ಅರ್ಧ ವ್ಯಾಸ 2 ಕಳೆಯಿರಿ: ಅಂಚಿನಲ್ಲಿ ಉಳಿಯುವ ಕಾಗದ ಅರ್ಧ ಮಿ.ಮೀ. ಕೂಡ ಇಲ್ಲ. ಗೈಡ್ ಸ್ವಲ್ಪ ಸರಿದರೂ ಕೊನೆಯ ತೂತು ಹೊರಗೆ ತೆರೆದುಕೊಳ್ಳುತ್ತದೆ. ನಿಮಗೆ ಆಗಿರುವುದು ಇದೇ ಎಂದು ಕಾಣುತ್ತದೆ. 46 ತೂತು ಹಾಕಿದರೆ ಎರಡೂ ತುದಿಗೆ ಸುಮಾರು ಮೂರೂವರೆ ಮಿ.ಮೀ. ಗಟ್ಟಿ ಕಾಗದ ಉಳಿಯುತ್ತದೆ. ಹಾಗಾಗಿ ಮೆಷಿನ್ ತಲೆಯ ಮೇಲೆ ಪಿನ್ ಎಳೆಯುವ ಗುಂಡಿಗಳಿದ್ದರೆ 47ನೆಯದನ್ನು ಎಳೆದಿಟ್ಟು, ಮೊದಲ ತೂತಿನ ನಡು ಅಂಚಿನಿಂದ ಐದೂವರೆ ಮಿ.ಮೀ. ಬರುವಂತೆ ಪಕ್ಕದ ಗೈಡ್ ಬಿಗಿಮಾಡಿ. ಎಳೆಯುವ ವ್ಯವಸ್ಥೆ ಇಲ್ಲದಿದ್ದರೆ, ಗೈಡ್ ಪಕ್ಕದ್ದೇ ಮೊದಲ ಪಿನ್ ಆಗಿದ್ದಲ್ಲಿ, ಆ ಅಳತೆಯನ್ನು 7.25 ಮಿ.ಮೀ.ಗೆ ಇಡಿ. 47ನೆಯ ಪಿನ್ ಹಾಳೆಯನ್ನು ಮುಟ್ಟದೆ ಹೊರಗೇ ಇಳಿಯುತ್ತದೆ. ಗೈಡಿನ ತಿರುಪು ಸಡಿಲವಾಗಿ ಅದು ತಾನಾಗಿ ಸರಿಯುವುದುಂಟು. ಸರಿಯಾದ ಜಾಗ ಸಿಕ್ಕ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದಿಡಿ.

ನಮ್ಮ ಕಚೇರಿಗಳ ಫೈಲುಗಳಲ್ಲಿ ಎ4 ನಡುವೆ ಹಳೆಯ ಲೀಗಲ್ ಸೈಜ್ ಹಾಳೆಗಳೂ ಸೇರಿರುತ್ತವೆ. ಎರಡಕ್ಕೂ ಮೇಲಿನ ಅಂಚನ್ನೇ ಗೈಡಿಗೆ ತಾಗಿಸಿ, ನಡುವೆ ಗೈಡ್ ಕದಲಿಸಬೇಡಿ. ಎ4ಗೆಂದು ಎಳೆದಿಟ್ಟ ಪಿನ್ ಲೀಗಲ್ ಹಾಳೆಗೂ ಹಾಗೇ ಇರಲಿ, ಸುರುಳಿ ಎ4 ಮುಗಿಯುವಲ್ಲಿ ಮುಗಿಯಲಿ, ಉದ್ದ ಹಾಳೆಯ ಕೆಳಭಾಗವನ್ನು ಒಳಕ್ಕೆ ಮಡಚಿ.

ಹಿಂದಿನ ತಡೆಯ ಅಂತರ, ಅಂದರೆ ತೂತಿಗೂ ಬೆನ್ನಿನ ಅಂಚಿಗೂ ನಡುವೆ ಉಳಿಯುವ ಕಾಗದ, ಸುರುಳಿಯ ದಪ್ಪಕ್ಕೆ ತಕ್ಕಂತೆ ಬದಲಾಗಬೇಕು. 10 ಮಿ.ಮೀ. ಒಳಗಿನ ಸುರುಳಿಗೆ ಎರಡೂವರೆಯಿಂದ 3 ಮಿ.ಮೀ., ದಪ್ಪದ್ದಕ್ಕೆ 4ರ ಹತ್ತಿರ. ಸಣ್ಣ ಸುರುಳಿಗೆ ಹೆಚ್ಚು ಬಿಟ್ಟರೆ ಪುಟ ತಿರುಗುವುದಿಲ್ಲ, ದಪ್ಪ ಪುಸ್ತಕಕ್ಕೆ ಕಡಿಮೆ ಬಿಟ್ಟರೆ ಮೊದಲ ಪುಟಗಳು ಕಿತ್ತು ಬರುತ್ತವೆ. ಸುರುಳಿಯ ಅಳತೆ: ಕಟ್ಟನ್ನು ಅಂಗೈಯಿಂದ ಒತ್ತಿ ಹಿಡಿದು ದಪ್ಪ ನೋಡಿ, ಅದಕ್ಕೆ 3 ಮಿ.ಮೀ. ಸೇರಿಸಿ, ಅಂಗಡಿಯಲ್ಲಿ ಸಿಗುವ ಮುಂದಿನ ದೊಡ್ಡ ಅಳತೆ ತೆಗೆದುಕೊಳ್ಳಿ. ನೂರು ಹಾಳೆಗೆ 10 ಮಿ.ಮೀ. ಬಂದರೆ 14ರ ಸುರುಳಿ. ಹೊರಬಂದ ತುದಿಯನ್ನು ಕತ್ತರಿಸಿ ಇಕ್ಕುಳದಿಂದ ಒಳಕ್ಕೆ ಮಡಚಿ. ಮಡಚದಿದ್ದರೆ ವಾರದೊಳಗೆ ತಿರುಗಿ ತಿರುಗಿ ಹೊರಬರುತ್ತದೆ.

ಮುಂದಿನ ಪಾರದರ್ಶಕ ಪಿವಿಸಿ ಹಾಳೆಯನ್ನು ಕಾಗದದ ಕಟ್ಟಿನ ಜೊತೆ ಸೇರಿಸಿ ಒತ್ತುವುದು ದೊಡ್ಡ ತಪ್ಪು. ಅದು ಕತ್ತರಿಸುವ ಬದಲು ಹಿಗ್ಗುತ್ತದೆ. ಒಂದೇ ಹಾಳೆ, ಅದರ ಮೇಲೊಂದು ಕೆಳಗೊಂದು ರದ್ದಿ ಕಾಗದ ಇಟ್ಟು ಒತ್ತಿ. ಹಿಂದಿನ ದಪ್ಪ ರಟ್ಟನ್ನೂ ಒಂದೊಂದೇ. ಲ್ಯಾಮಿನೇಟ್ ಮಾಡಿದ್ದನ್ನು ಹಾಕಲೇಬೇಡಿ, ಅದರ ಅಂಟು ಪಿನ್ನಿಗೆ ಹಿಡಿಯುತ್ತದೆ. ಸ್ಟೇಪ್ಲರ್ ಪಿನ್ ಒಂದೇ ಒಂದು ಉಳಿದಿದ್ದರೂ ಸಾಕು, ಮೆಷಿನ್ ಪಿನ್‌ನ ಅಂಚು ಕಿತ್ತುಹೋಗುತ್ತದೆ.

ಎಣ್ಣೆಯ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು: ತೆಂಗಿನೆಣ್ಣೆ ಹಾಕಬೇಡಿ. ಬಾಗಿಲ ತಿರುಗಣಿಗೂ ಬೀಗಕ್ಕೂ ಅದನ್ನೇ ಬಿಡುವ ಅಭ್ಯಾಸ ನಮ್ಮಲ್ಲಿದೆ. ಆದರೆ ಅದು 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ, ಕಾಗದದ ಧೂಳು ಸೇರಿ ಜಿಗುಟಾಗುತ್ತದೆ. ಹೊಲಿಗೆ ಮೆಷಿನ್ ಎಣ್ಣೆ ಸಾಕು. ಹಿಡಿಯ ದಂಡದ ಎರಡು ತುದಿಗೆ ಒಂದೊಂದು ಹನಿ, ಪಿನ್ ಸಾಲಿಗೆ ಎಣ್ಣೆ ಬಟ್ಟೆಯಿಂದ ಒಂದು ಒರಸು. ಆಮೇಲೆ ರದ್ದಿ ಕಾಗದವನ್ನು ಎಣ್ಣೆ ಗುರುತು ಬಾರದವರೆಗೆ ಒತ್ತಿ. ಕೊನೆಗೆ ಒಂದು ಹಾಳೆಗೆ ಮೇಣದಬತ್ತಿ ಚೆನ್ನಾಗಿ ತಿಕ್ಕಿ ಅದನ್ನು ನಾಲ್ಕೈದು ಸಲ ಪಂಚ್ ಮಾಡಿದರೆ ಪಿನ್ನಿಗೆ ಮೇಣದ ತೆಳು ಲೇಪ ಸಿಗುತ್ತದೆ, ಹಿಡಿ ಹಗುರಾಗಿದ್ದು ಆಗಲೇ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಇದು ವಾರಕ್ಕೊಮ್ಮೆ, ಉಳಿದಂತೆ ತಿಂಗಳಿಗೊಮ್ಮೆ. ಮಂಜೇಶ್ವರ, ಉಪ್ಪಳ, ಕುಂಬಳೆಯ ಹಾಗೆ ಕಡಲ ಬದಿಯಲ್ಲಿರುವವರು ಉಪ್ಪುಗಾಳಿಯಿಂದಾಗಿ ವರ್ಷವಿಡೀ ವಾರಕ್ಕೊಮ್ಮೆ ಮಾಡಿದರೆ ಒಳ್ಳೆಯದು. ತುಕ್ಕು ಕಂಡರೆ ಸೀಮೆಎಣ್ಣೆ ಮುಟ್ಟಿಸಿದ ಹತ್ತಿಯಿಂದ ಒರಸಿ, ಒಣಗಿಸಿ, ನಂತರ ಎಣ್ಣೆ. ರಾತ್ರಿ ಮುಚ್ಚಲು ಹತ್ತಿ ಬಟ್ಟೆ ಬಳಸಿ. ಪ್ಲಾಸ್ಟಿಕ್ ಮುಚ್ಚಿದರೆ ತೇವ ಒಳಗೇ ನಿಂತು ತುಕ್ಕು ಬೇಗ ಬರುತ್ತದೆ.

ಇಷ್ಟೆಲ್ಲಾ ಮಾಡಿದ ಮೇಲೆ ಪಿನ್ ಪರೀಕ್ಷೆ. ಹೊಸ ರೀಮು ಒಡೆದು ಒಂದೇ ಹಾಳೆ ಒತ್ತಿ, ಆಮೇಲೆ ಐದು, ಆಮೇಲೆ ಹತ್ತು. ಹಾಳೆಯ ಕೆಳಬದಿಗೆ ಬೆರಳಾಡಿಸಿ. ಐದಕ್ಕೆ ನುಣ್ಣಗೆ ಬಂದು ಹತ್ತಕ್ಕೆ ಮಾತ್ರ ಕಷ್ಟವಾದರೆ ಪಿನ್ ಸರಿ ಇದೆ, ನೀವು ಇಡುವ ಹಾಳೆ ಹೆಚ್ಚು. ಪ್ರತಿ ಸಲವೂ ಅದೇ ಒಂದೆರಡು ತೂತು ಹರಕಾದರೆ ಆ ಪಿನ್ ಮಾತ್ರ ಬಾಗಿದೆ ಅಥವಾ ಮೊಂಡಾಗಿದೆ, ಅದೊಂದನ್ನೇ ಬದಲಿಸಿ. ಒಂದು ಬದಿಯ ಸಾಲು ಮಾತ್ರ ಕೆಟ್ಟಿದ್ದರೆ ಪಿನ್ ಹಿಡಿದಿರುವ ಪಟ್ಟಿ ಓರೆಯಾಗಿ ಇಳಿಯುತ್ತಿದೆ, ಆ ಬದಿಯ ಬೋಲ್ಟ್ ಬಿಗಿಮಾಡಿಸಿ. ಒಂದೇ ಹಾಳೆಗೂ ಎಲ್ಲಾ ತೂತು ನಾರುನಾರಾಗಿ ಬಂದರೆ ಮಾತ್ರ ಪಿನ್, ಡೈ ಎರಡೂ ಸವೆದಿವೆ ಎನ್ನಬಹುದು. ಸವೆತದಿಂದ ಸಂದಿ ಅಗಲವಾದಾಗ ತೆಳುವಾದದ್ದೇ ಮೊದಲು ಒಳಕ್ಕೆ ಎಳೆದುಕೊಂಡು ಹೋಗುವುದು.

ಆಗಲೂ ಲೇತ್ ಕೆಲಸದವರಲ್ಲಿ ಪಿನ್ ತುದಿಗಳನ್ನು ಸಾಣೆ ಹಿಡಿಸಲು ಸಾಧ್ಯವೇ ಕೇಳಿ. ಹಲವು ಮೆಷಿನ್‌ಗಳಲ್ಲಿ ಪಿನ್‌ಗಳು ಒಂದೇ ಉದ್ದ ಇರುವುದಿಲ್ಲ, ಎಲ್ಲವೂ ಒಟ್ಟಿಗೆ ಕಚ್ಚಿದರೆ ಭಾರವೆಂದು ಮೆಟ್ಟಿಲಾಗಿ ಇಟ್ಟಿರುತ್ತಾರೆ. ಆ ಮೆಟ್ಟಿಲು ಉಳಿಯಬೇಕು ಎಂದು ಮೊದಲೇ ಹೇಳಿಬಿಡಿ, ಸಮ ಮಾಡಿಕೊಟ್ಟರೆ ಹಿಡಿ ಮೊದಲಿಗಿಂತ ಬಿಗಿಯಾಗುತ್ತದೆ. ಬಿಡಿಭಾಗಕ್ಕೆ ಮಂಗಳೂರಿಗೋ ಕಣ್ಣೂರಿಗೋ ಹೋಗುವುದಾದರೆ ಮೆಷಿನ್ ಹೆಸರು ಹೇಳಿ ತರಬೇಡಿ, ಹಳೆಯ ಪಿನ್ ಒಂದನ್ನು ಕಳಚಿ ಕೈಯಲ್ಲಿ ಹಿಡಿದುಕೊಂಡು ಹೋಗಿ. ವ್ಯಾಸ, ಉದ್ದ, ತಲೆಯ ಆಕಾರ ಮೂರೂ ಕೂಡಬೇಕು.