ಮುಳುಗಿದ ಊರನ್ನು ಹಳೆಯ ಟೋಪೋಶೀಟಿನಲ್ಲಿ ಹುಡುಕುವುದು ಹೇಗೆ

ಅಕ್ಕಾ, ನಿಮ್ಮ ಅಜ್ಜ ಬೀಳಗಿ ಕಡೆಯ ಕೃಷ್ಣಾ ದಂಡೆಯಿಂದ ಪುಣೆಗೆ ಬಂದವರು, ಊರಿನ ಹೆಸರು ಹೀಗೋ ಹಾಗೋ ಅಂತ ಅನುಮಾನ, ಗೂಗಲ್ ನಕ್ಷೆಯಲ್ಲಿ ನೋಡಿದರೆ ಅಲ್ಲಿ ಬರೀ ನೀರು ಅಂತ ಬರೆದಿದ್ದೀರಿ. ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿರಬೇಕು. ಈಗಿನ ನಕ್ಷೆ ಬಿಡಿ. ಅಣೆಕಟ್ಟಿಗಿಂತ ಮೊದಲಿನ ಸರ್ವೆ ಆಫ್ ಇಂಡಿಯಾ ಟೋಪೋಶೀಟ್ ಹುಡುಕಿ. ಅಂದರೆ ಊರು, ದಾರಿ, ಹೊಳೆ, ನೆಲದ ಎತ್ತರ ಎಲ್ಲಾ ತೋರಿಸುವ ಸರ್ಕಾರಿ ನಕ್ಷೆಯ ಹಾಳೆ.

ಈ ನಕ್ಷೆಗಳಿಗೆ ಪ್ರದೇಶವಾರು ಸಂಖ್ಯೆ ಇರುತ್ತದೆ, ನಿಮಗೆ ಬೇಕಾದದ್ದು 47 ಪಿ. ಅದರಲ್ಲಿ 16 ಹಾಳೆಗಳಿವೆ. ಒಂದು ಇಂಚಿಗೆ ಒಂದು ಮೈಲಿಯ ಹಳೆಯ ಹಾಳೆಯೇ ಒಳ್ಳೆಯದು. ಅದು ಸಿಗುವವರೆಗೆ ಅಮೆರಿಕದ ಸೇನೆ 1950ರ ದಶಕದಲ್ಲಿ ಮಾಡಿದ ನಕ್ಷೆ ನೋಡುತ್ತಿರಿ. ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ಜಾಲತಾಣದಲ್ಲಿ ಪುಕ್ಕಟೆ ಇದೆ. ಇಂಚಿಗೆ ಸುಮಾರು 4 ಮೈಲಿ, ಹಾಗಾಗಿ ಸಣ್ಣಪುಟ್ಟ ವಿವರ ಸಿಗಲ್ಲ.

ಹಾಳೆ ಸಿಕ್ಕ ಮೇಲೆ ಹೀಗೆ ಮಾಡಿ. ಆಲಮಟ್ಟಿಯ ತುಂಬು ಮಟ್ಟ 519.6 ಮೀಟರ್, ಅಂದರೆ ಸುಮಾರು 1,705 ಅಡಿ. ಹಳೆಯ ಹಾಳೆಯಲ್ಲಿ ಎತ್ತರ ತೋರಿಸುವ ಕಂದು ಗೆರೆಗಳು 50 ಅಡಿಗೊಂದು ಇರುತ್ತವೆ. 1,700 ಅಡಿಯ ಗೆರೆ ಹಿಡಿದು ಪೆನ್ಸಿಲ್ ಎಳೆಯುತ್ತಾ ಹೋಗಿ. ಗೆರೆಯಿಂದ ಹೊಳೆಯ ಕಡೆಗೆ ಉಳಿದ ಊರುಗಳು ಹೆಚ್ಚುಕಡಿಮೆ ನೀರಿಗೆ ಹೋದವು. ಅವುಗಳ ಹೆಸರನ್ನೆಲ್ಲ ಬರೆದುಕೊಳ್ಳಿ. ನಿಮ್ಮೂರು ಆ ಪಟ್ಟಿಯಲ್ಲೇ ಇರುವ ಸಾಧ್ಯತೆ ಜಾಸ್ತಿ.

ಹೆಸರೊಂದನ್ನೇ ನಂಬಬೇಡಿ. ವಿಜಯಪುರದ ಕಡೆ ದೇವರ ಹಿಪ್ಪರಗಿ ಇದೆ, ಜಮಖಂಡಿ ಕಡೆ ಕೃಷ್ಣೆಗೆ ಬ್ಯಾರೇಜ್ ಕಟ್ಟಿದ ಹಿಪ್ಪರಗಿಯೂ ಇದೆ. ಬಂಡಿದಾರಿ, ಕಾಲುದಾರಿ ಎಲ್ಲಿಗೆ ಹೋಗುತ್ತಿದ್ದವು ನೋಡಿ. ನನಗೆ ಹಾಳೆಯಲ್ಲಿ ತುಂಬಾ ಇಷ್ಟವಾಗುವುದೇ ಇದು. ಸಂತೆ, ಜಾತ್ರೆ, ಹೆಣ್ಣು ಕೊಟ್ಟು ತಂದದ್ದು ಎಲ್ಲಾ ಆ ದಾರಿಗಳಲ್ಲೇ ಅಲ್ವಾ? ನಿಮ್ಮ ಅಜ್ಜಿಯ ತವರೂರಿನ ಹೆಸರು ಗೊತ್ತಿದ್ದರೆ ಅಲ್ಲಿಂದ ಹಿಂದಕ್ಕೆ ಹುಡುಕಿಕೊಂಡು ಬನ್ನಿ.

ಇನ್ನೊಂದು ಮಾತು. ನಿಮ್ಮ ಮನೆತನಕ್ಕೆ ಹೆಳವರು ಬರುತ್ತಿದ್ದರೇ ಅಂತ ಸೋದರತ್ತೆಯರನ್ನು ಕೇಳಿ. ವಂಶಾವಳಿ ಹೇಳುವವರು ಅವರು. ಮೂಲ ಯಾವ ಊರು, ಅಲ್ಲಿಂದ ಎಲ್ಲಿಗೆ ಬಂದರು ಎಲ್ಲಾ ಹೇಳುತ್ತಾರೆ. ಅವರು ಹೇಳಿದ ಊರುಗಳನ್ನು ಹಾಳೆಯ ಮೇಲೆ ಗುರುತು ಮಾಡಿಕೊಳ್ಳಿ.

1956ಕ್ಕೆ ಮುಂಚೆ ಆ ಭಾಗವೆಲ್ಲ ಮುಂಬಯಿ ರಾಜ್ಯದ ಬಿಜಾಪುರ (ಈಗಿನ ಹೆಸರು ವಿಜಯಪುರ) ಜಿಲ್ಲೆ. ಹಾಗಾಗಿ ಪುಣೆಯ ಹಳೆಯ ಗ್ರಂಥಾಲಯಗಳಲ್ಲೂ ಗೆಜೆಟಿಯರ್, ಜನಗಣತಿ ಪುಸ್ತಕ ವಿಚಾರಿಸಿ.

ಮುಳುಗಿದ ಊರಿನವರಿಗೆ ಪುನರ್ವಸತಿ ಕೇಂದ್ರಗಳಾಗಿವೆ. ಊರು ಇಂಥದ್ದೇ ಅಂತ ಗೊತ್ತಾದ ಮೇಲೆ ಹಾಳೆಯ ಆ ಭಾಗವನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿಕೊಂಡು ಅಲ್ಲಿಗೆ ಹೋಗಿ. ಅಗಸಿ ಎಲ್ಲಿತ್ತು, ನಿಮ್ಮವರ ಓಣಿ ಯಾವುದು ಅಂತ ಹಿರಿಯರು ತೋರಿಸುತ್ತಾರೆ. ಅವರಿರುವಾಗಲೇ ಹೋಗಿಬನ್ನಿ. ಅಜ್ಜನ ಅಡ್ಡಹೆಸರು, ಮನೆದೇವರು, ನೆನಪಿರುವ ಅಕ್ಕಪಕ್ಕದ ಊರುಗಳನ್ನು ಇಲ್ಲೇ ಬರೆಯಿರಿ. 16ರಲ್ಲಿ ಯಾವ ಹಾಳೆ ಅಂತ ನಾನು ನೋಡಿ ಹೇಳುತ್ತೇನೆ.